ಹುತ್ತದೊಳಗಿನ ಹವೆ

ಬ್ರಿಟನ್ನಿನಲ್ಲಿ ರಾಯಲ್ ಪೈಥಾನ್ ಸಾಕುವವರ ಮನೆಗಳಲ್ಲಿ ಜನವರಿ ಬಂತೆಂದರೆ ಹಾವಿನ ಪೊರೆ ಹರಿಯತೊಡಗುತ್ತದೆ. ಬೇಸಿಗೆಯಲ್ಲಿ ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ಉದ್ದಕ್ಕೆ, ಕಣ್ಣಿನ ಮೇಲಿನ ತೆಳು ಮುಚ್ಚಳವೂ ಸೇರಿದಂತೆ ಕಳಚಿಕೊಳ್ಳುತ್ತಿದ್ದ ಪೊರೆ ಈಗ ತುಂಡು ತುಂಡಾಗಿ ಉದುರುತ್ತದೆ, ಒಂದಿಷ್ಟು ಮೈಗೆ ಅಂಟಿಕೊಂಡೇ ಉಳಿಯುತ್ತದೆ. ಬಾಲದ ತುದಿಯಲ್ಲಿ ಬಳೆಯಾಗಿ ಉಳಿದ ಪೊರೆ ಒಣಗಿ ಬಿಗಿದರೆ ರಕ್ತದ ಓಡಾಟ ನಿಲ್ಲಬಹುದು. ಕಣ್ಣಿನ ಮೇಲೆ ಹಳೆಯ ಮುಚ್ಚಳ ಉಳಿದರೆ ನೋಟ ಮಸುಕಾಗುತ್ತದೆ. ಸಾಕಿದವರು ಗಾಬರಿಯಾಗಿ ಥರ್ಮೋಸ್ಟ್ಯಾಟ್ ನೋಡುತ್ತಾರೆ. ಅದು 32 ಡಿಗ್ರಿ ತೋರಿಸುತ್ತಿದೆ, ಪುಸ್ತಕ ಹೇಳಿದ್ದೂ ಅಷ್ಟೇ. ಬಿಸಿ ಸರಿಯಾಗಿದ್ದ ಮೇಲೆ ತಪ್ಪು ಎಲ್ಲಿ? ಆ ಬಿಸಿಯನ್ನು ಕೊಟ್ಟ ಬಗೆಯಲ್ಲೇ ಇದೆ ಎನ್ನುವುದು ನನ್ನ ವಾದ. ಚಳಿಗಾಲದಲ್ಲಿ ಈ ಹಾವಿಗೆ ಕಾವು ಎಷ್ಟು, ತೇವ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳುವುದರಿಂದಲೇ ತೊಂದರೆ ಶುರುವಾಗುತ್ತದೆ. ಎರಡಕ್ಕೂ ಇರುವುದು ಒಂದೇ ಲೆಕ್ಕ. ಕಾವನ್ನು ಮಾತ್ರ ಏರಿಸಿದರೆ ತೇವ ತಾನಾಗಿ ಕುಸಿಯುತ್ತದೆ, ತೇವವನ್ನು ಮಾತ್ರ ಸುರಿದರೆ ಹಾವು ಥಂಡಿ ಹಿಡಿದು ನರಳುತ್ತದೆ.

ಇದರ ಹಿಂದಿರುವುದು ಹೈಸ್ಕೂಲಿನ ಭೌತಶಾಸ್ತ್ರ. ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ಉಷ್ಣತೆಯ ಮೇಲೆ ನಿಂತಿದೆ. 5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 6.8 ಗ್ರಾಂ ನೀರಾವಿ ಹಿಡಿಯುತ್ತದೆ, 20 ಡಿಗ್ರಿಯಲ್ಲಿ 17.3 ಗ್ರಾಂ, 32 ಡಿಗ್ರಿಯಲ್ಲಿ ಸುಮಾರು 34 ಗ್ರಾಂ. ಲೀಡ್ಸಿನಲ್ಲೋ ಗ್ಲಾಸ್ಗೋದಲ್ಲೋ ಜನವರಿಯ ಒಂದು ಮುಂಜಾನೆ ಮಂಜು ಕವಿದಿದೆ, ಹೊರಗಿನ ಗಾಳಿ 5 ಡಿಗ್ರಿಯಲ್ಲಿದ್ದು ತೇವದಿಂದ ಪೂರ್ತಿ ತುಂಬಿದೆ ಎಂದೇ ಇಟ್ಟುಕೊಳ್ಳೋಣ. ಅದೇ ಗಾಳಿ ಕಿಟಕಿಯ ಸಂದಿಯಿಂದ ಒಳಗೆ ಬಂದು ರೇಡಿಯೇಟರಿನ ಬಿಸಿಗೆ 20 ಡಿಗ್ರಿ ತಲುಪಿದಾಗ ಅದರಲ್ಲಿರುವ ನೀರು ಇದ್ದಷ್ಟೇ ಇರುತ್ತದೆ, ಹಿಡಿಯುವ ಸಾಮರ್ಥ್ಯ ಮಾತ್ರ ಎರಡೂವರೆ ಪಟ್ಟಾಗಿರುತ್ತದೆ. ನೂರಿದ್ದ ಆರ್ದ್ರತೆ ಶೇಕಡ 39ಕ್ಕೆ ಇಳಿಯಿತು. ಆ ಗಾಳಿ ಹಾವಿನ ಪೆಟ್ಟಿಗೆಯನ್ನು ಹೊಕ್ಕು ದೀಪದ ಕೆಳಗೆ 32 ಡಿಗ್ರಿ ಮುಟ್ಟಿದರೆ ಉಳಿಯುವುದು ಶೇಕಡ 20. ಹೊರಗೆ ದಿನವಿಡೀ ಮಳೆ ಜಿನುಗುವ ಊರಿನಲ್ಲಿ ಹಾವು ಮರುಭೂಮಿಯ ಗಾಳಿಯನ್ನು ಉಸಿರಾಡುತ್ತಿರುತ್ತದೆ. ಅಡುಗೆ, ಸ್ನಾನ, ಮನೆಮಂದಿಯ ಉಸಿರು ಇವೆಲ್ಲ ಒಂದಷ್ಟು ನೀರಾವಿಯನ್ನು ಸೇರಿಸುವುದರಿಂದ ನಿಜವಾದ ಅಂಕಿ ಇದಕ್ಕಿಂತ ಮೇಲಿರುತ್ತದೆ. ಆದರೂ ದಿಕ್ಕು ಅದೇ. ಮನುಷ್ಯರ ತುಟಿ ಒಡೆಸುವ ಗಾಳಿ ಹಾವಿನ ಪೊರೆಯನ್ನೂ ಒಡೆಸುತ್ತದೆ, ಅದೂ ಇನ್ನಷ್ಟು ಬಿಸಿಯಾದ ಮೇಲೆ.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ‘ತೇವ ಶೇಕಡ 60 ಇರಲಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. 60 ಎಲ್ಲಿ? ಪೆಟ್ಟಿಗೆಯ ತಂಪು ತುದಿಯಲ್ಲಿ 25 ಡಿಗ್ರಿಗೆ ಮಾಪಕ 60 ತೋರಿಸುತ್ತಿದ್ದರೆ, ಅಷ್ಟೇ ನೀರಾವಿ ಇರುವ ಗಾಳಿ 32 ಡಿಗ್ರಿಯ ಬಿಸಿ ತುದಿಯಲ್ಲಿ ಶೇಕಡ 41 ಮಾತ್ರ. ಒಂದೇ ಪೆಟ್ಟಿಗೆ, ಒಂದೇ ಗಾಳಿ, ಎರಡು ಅಂಕಿ. ಮಾಪಕವನ್ನು ತಂಪು ಗೋಡೆಗೆ ಅಂಟಿಸಿ ನೆಮ್ಮದಿಯಿಂದಿರುವವರ ಹಾವು ಬಿಸಿ ಮೂಲೆಯಲ್ಲಿ ಒಣಗುತ್ತಿರಬಹುದು. ಎರಡೂ ತುದಿಯಲ್ಲಿ, ಹಾವು ನಿಜವಾಗಿ ಮಲಗುವ ನೆಲದ ಮಟ್ಟದಲ್ಲಿ ಅಳೆಯದ ಹೊರತು ಆರ್ದ್ರತೆಯ ಅಂಕಿಗೆ ಅರ್ಥವಿಲ್ಲ. ಮುಳ್ಳು ತಿರುಗುವ ಅಗ್ಗದ ಗಡಿಯಾರದಂಥ ಮಾಪಕಗಳನ್ನು ನಂಬುವ ಹಾಗೂ ಇಲ್ಲ. ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಮಾಪಕವನ್ನೇ ಕೊಳ್ಳಬೇಕು.

ಹಾಗಾದರೆ ಈ ಪ್ರಾಣಿಗೆ ಬೇಕಾದ ಹವೆ ಯಾವುದು? ಉತ್ತರಕ್ಕೆ ಅದರ ಊರಿಗೇ ಹೋಗಬೇಕು. ಪೈಥಾನ್ ರೀಜಿಯಸ್ ಎಂಬ ಈ ಹೆಬ್ಬಾವು ಸೆನೆಗಲ್‌ನಿಂದ ಉಗಾಂಡದವರೆಗೆ, ಸಹಾರಾ ಮರುಭೂಮಿಯ ತೆಂಕಣದ ಹುಲ್ಲುಗಾವಲು, ಕುರುಚಲು ಕಾಡು, ಹೊಲಗದ್ದೆಗಳಲ್ಲಿ ಬದುಕುತ್ತದೆ. ನಮ್ಮ ಹೆಬ್ಬಾವಿನ ಪಕ್ಕದಲ್ಲಿಟ್ಟರೆ ಗಿಡ್ಡ. ಬೆಳೆದದ್ದು ಒಂದರಿಂದ ಒಂದೂವರೆ ಮೀಟರ್ ಉದ್ದ, ಮೈ ದಪ್ಪ, ಸ್ವಭಾವ ಸಾಧು. ಹೆದರಿದರೆ ಕಚ್ಚುವುದಕ್ಕಿಂತ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಅಮೆರಿಕದವರು ಅದನ್ನು ಬಾಲ್ ಪೈಥಾನ್ ಎನ್ನುವುದು ಅದಕ್ಕೇ. ಘಾನಾ, ಟೋಗೋ, ಬೆನಿನ್ ದೇಶಗಳಿಂದ 1970ರ ದಶಕದಿಂದ ಈಚೆಗೆ ಲಕ್ಷಗಟ್ಟಲೆ ಹಾವುಗಳು ಯುರೋಪಿಗೂ ಅಮೆರಿಕಕ್ಕೂ ಹೋಗಿವೆ. ಅದೇ ಬೆನಿನ್‌ನ ವೀಡಾ ಪಟ್ಟಣದಲ್ಲಿ ಈ ಹಾವಿಗೆ ಗುಡಿಯೂ ಇದೆ. ವೊಡುನ್ ಪಂಥದವರಿಗೆ ಅದು ದೈವ, ಮನೆಯೊಳಗೆ ಬಂದರೂ ಕೊಲ್ಲದೆ ಮರಳಿ ಗುಡಿಗೆ ಬಿಡುತ್ತಾರೆ. ನೈಜೀರಿಯಾದ ಇಗ್ಬೋ ಸೀಮೆಯಲ್ಲೂ ಅದು ಪೂಜ್ಯ. ಚಿನುವಾ ಅಚೆಬೆಯವರು 1964ರಲ್ಲಿ ಬರೆದ ‘ಆ್ಯರೋ ಆಫ್ ಗಾಡ್’ ಕಾದಂಬರಿಯಲ್ಲಿ ಅರ್ಚಕನ ಮಗನೊಬ್ಬ ಈ ಹಾವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ, ಊರೇ ತಲ್ಲಣಿಸುತ್ತದೆ. ಇವತ್ತು ಜಗತ್ತಿನ ಎಷ್ಟೋ ರಾಯಲ್ ಪೈಥಾನ್‌ಗಳ ಪಾಲಿಗೆ ಪೆಟ್ಟಿಗೆಯೇ ಇಡೀ ಬದುಕು. ಆ ಪೆಟ್ಟಿಗೆಯ ಗಾಳಿಯ ಬಗ್ಗೆ ಇಷ್ಟು ಉದ್ದ ಬರೆಯುವುದು ಅತಿಯಲ್ಲ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಏಳುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಪಶ್ಚಿಮ ಆಫ್ರಿಕದ ಮೇಲೆ ಹರ್ಮಾಟನ್ ಬೀಸುತ್ತದೆ. ಸಹಾರಾದಿಂದ ಧೂಳು ಹೊತ್ತು ಬರುವ ಒಣಗಾಳಿ ಅದು. ಬಯಲಿನ ಬಡಗಣ ಭಾಗಗಳಲ್ಲಿ ಆಗ ಮಧ್ಯಾಹ್ನದ ಆರ್ದ್ರತೆ ಶೇಕಡ 20ರ ಆಸುಪಾಸಿಗೆ ಬೀಳುತ್ತದೆ, ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ತನ್ನ ನಾಡಿನಲ್ಲೇ ಇಂಥ ಒಣ ಋತುವನ್ನು ಕಳೆಯುವ ಹಾವಿಗೆ ಮ್ಯಾಂಚೆಸ್ಟರಿನ ಒಣ ಕೋಣೆ ಏನು ಮಾಡೀತು? ಕೇಳಲು ಸರಿಯಾಗಿಯೇ ಇರುವ ಈ ಪ್ರಶ್ನೆ ಒಂದು ಸಂಗತಿಯನ್ನು ಬಿಟ್ಟುಬಿಡುತ್ತದೆ. ಹವಾಮಾನ ಇಲಾಖೆಯ ಮಾಪಕ ಇರುವುದು ನೆಲದ ಮೇಲೆ, ಬಿಡುಗಾಳಿಯಲ್ಲಿ. ಹಾವು ಇರುವುದು ನೆಲದ ಕೆಳಗೆ. ರಾಯಲ್ ಪೈಥಾನ್ ಹಗಲನ್ನು ಇಲಿ ಹೆಗ್ಗಣಗಳು ತೋಡಿದ ಬಿಲಗಳಲ್ಲಿ, ಗೆದ್ದಲು ಕಟ್ಟಿದ ಹುತ್ತಗಳಲ್ಲಿ ಕಳೆದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಗುವುದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಮೂರು ನಾಲ್ಕು ಅಡಿ ಮಣ್ಣಿನ ಕೆಳಗೆ ಹಗಲು ರಾತ್ರಿಗಳ ಏರಿಳಿತ ಮಾಯವಾಗುತ್ತದೆ. ಸುತ್ತಲ ಮಣ್ಣಿನ ಪಸೆ ಆ ಸಣ್ಣ ಪೊಳ್ಳಿನ ಗಾಳಿಗೆ ಸೇರುತ್ತದೆ, ಕಿರಿದಾದ ಬಾಯಿಯಿಂದ ಅದು ಬೇಗ ಹೊರಗೆ ಹೋಗುವುದಿಲ್ಲ. ಹಾವಿನ ಉಸಿರಿನ ನೀರಾವಿಯೂ ಅಲ್ಲೇ ನಿಲ್ಲುತ್ತದೆ. ಹರ್ಮಾಟನ್ ತಲೆಯ ಮೇಲೆ ಬೀಸುತ್ತಿರುವಾಗ ಹಾವು ಬೇರೆಯೇ ಹವೆಯಲ್ಲಿ ಸುತ್ತಿಕೊಂಡಿರುತ್ತದೆ. ಒಣಗಾಳಿಯನ್ನು ಅದು ಸಹಿಸಿಕೊಂಡಿತು ಅನ್ನುವುದಕ್ಕಿಂತ ಅದರಿಂದ ತಪ್ಪಿಸಿಕೊಂಡಿತು ಅನ್ನುವುದು ಸರಿ. ಲಿವಿಂಗ್ ರೂಮಿನ ಗಾಜಿನ ಪೆಟ್ಟಿಗೆಯಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ.

ನಮ್ಮ ದೇಶದ ಹೆಬ್ಬಾವೂ ಇದೇ ಉಪಾಯ ಹೂಡುತ್ತದೆ. ರಾಜಸ್ಥಾನದ ಕೇವಲಾದೇವ್ ಉದ್ಯಾನದ ಹೆಬ್ಬಾವುಗಳು ಅಲ್ಲಿನ ಕೊರೆಯುವ ಚಳಿಗಾಲವನ್ನು ಮುಳ್ಳುಹಂದಿಗಳ ಬಿಲಗಳಲ್ಲಿ ಕಳೆಯುತ್ತವೆ, ಬಿಸಿಲೇರಿದಾಗ ಬಿಲದ ಬಾಯಿಗೆ ಬಂದು ಮೈ ಕಾಯಿಸಿಕೊಂಡು ಮತ್ತೆ ಒಳಗೆ ಸರಿಯುತ್ತವೆ. ಕಾವು ಮೇಲಿನಿಂದ, ಬಿಸಿಲಿನಿಂದ. ತೇವ ಕೆಳಗಿನಿಂದ, ಮಣ್ಣಿನಿಂದ. ಈ ಎರಡು ಮೂಲಗಳ ನಡುವೆ ಹಾವು ತನಗೆ ಬೇಕಾದಂತೆ ಓಡಾಡುತ್ತದೆ. ಸಾಕುವ ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

ರಾಯಲ್ ಪೈಥಾನ್‌ಗೆ ನೀರಿನ ಉಳಿತಾಯ ಎಷ್ಟು ಮುಖ್ಯ ಎಂಬುದಕ್ಕೆ ಅದರ ತಾಯ್ತನದಲ್ಲೇ ಪುರಾವೆಯಿದೆ. ಒಣ ಋತುವಿನ ಕೊನೆಯಲ್ಲಿ, ಫೆಬ್ರವರಿಯಿಂದ ಏಪ್ರಿಲ್ ಆರಂಭದ ಹೊತ್ತಿಗೆ, ಹೆಣ್ಣು ಬಿಲದೊಳಗೆ ಕೆಲವೇ ದೊಡ್ಡ ಮೊಟ್ಟೆಗಳನ್ನಿಟ್ಟು, ಅವುಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡು, ಸುಮಾರು ಎರಡು ತಿಂಗಳು ಹಾಗೆಯೇ ಇರುತ್ತದೆ. ಬರ್ಮಾ ಹೆಬ್ಬಾವಿನ ತಾಯಿ ಹೀಗೆ ಸುತ್ತಿಕೊಂಡಾಗ ಸ್ನಾಯುಗಳನ್ನು ನಡುಗಿಸಿ ತಾನೇ ಬಿಸಿ ಹುಟ್ಟಿಸುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಅಳೆದು 1966ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಶೋಧನೆ ಅದು. ರಾಯಲ್ ಪೈಥಾನ್ ತಾಯಿಗೆ ಆ ಶಕ್ತಿ ಇಲ್ಲ. ಹಾಗಾದರೆ ಎರಡು ತಿಂಗಳು ಉಪವಾಸವಿದ್ದು ಮೊಟ್ಟೆಗಳನ್ನು ತಬ್ಬಿಕೊಂಡಿರುವುದು ಯಾಕೆ? ಇದೇ ಪ್ರಶ್ನೆ ಹಿಡಿದು ತಾಯಿಯನ್ನು ಸರಿಸಿ ನೋಡಿದ ಪ್ರಯೋಗಗಳು ನಡೆದವು. ತಾಯಿಯಿಲ್ಲದ ಮೊಟ್ಟೆಗಳು ಹೆಚ್ಚು ನೀರು ಕಳೆದುಕೊಂಡವು. ಆ ಬಿಗಿ ಸುತ್ತಿನ ಮುಖ್ಯ ಕೆಲಸ ಮೊಟ್ಟೆಗಳು ಒಣಗದಂತೆ ಕಾಯುವುದು. ತನ್ನ ಮೈಯನ್ನೇ ಗೋಡೆಯಾಗಿಸಿ ಮರಿಗಳಿಗೆ ತೇವ ಉಳಿಸುವ ಜೀವಿಗೆ ತೇವ ಅಷ್ಟೇನೂ ಮುಖ್ಯವಲ್ಲ ಎಂದು ವಾದಿಸುವುದು ಕಷ್ಟ.

ಪೆಟ್ಟಿಗೆಯ ವಿಷಯಕ್ಕೆ ಬರೋಣ, ಯಾಕೆಂದರೆ ವಾದ ಗೆಲ್ಲಬೇಕಾದದ್ದು ಅಲ್ಲಿ. ಬ್ರಿಟನ್ನಿನಲ್ಲಿ ಬಹಳ ಕಾಲದಿಂದ ನಡೆದುಬಂದ ರೂಢಿ ಎಂದರೆ ಪೆಟ್ಟಿಗೆಯ ತಳಕ್ಕೆ ಹೀಟ್ ಮ್ಯಾಟ್ ಹಾಸಿ, ಮೇಲೆ ಕಾಗದವನ್ನೋ ಮರದ ಹೊಟ್ಟನ್ನೋ ತೆಳುವಾಗಿ ಹರಡುವುದು. ಮ್ಯಾಟ್ ತಾನು ಮುಟ್ಟಿದ್ದನ್ನು ಬಿಸಿ ಮಾಡುತ್ತದೆ, ಗಾಳಿಯನ್ನು ಅಷ್ಟಾಗಿ ಬಿಸಿ ಮಾಡುವುದಿಲ್ಲ. ಕೋಣೆಯೇ 22 ಡಿಗ್ರಿ ಇರುವ ಜುಲೈಯಲ್ಲಿ ಅದು ಸಾಕಾಗುತ್ತದೆ. ರಾತ್ರಿ ಹೀಟಿಂಗ್ ಆರಿಸಿ ಕೋಣೆ 15ಕ್ಕೆ ಇಳಿಯುವ ಜನವರಿಯಲ್ಲಿ ಹಾವಿನ ಹೊಟ್ಟೆ ಬಿಸಿ, ಬೆನ್ನು ಮತ್ತು ಉಸಿರಾಡುವ ಗಾಳಿ ತಣ್ಣಗೆ. ಮ್ಯಾಟಿನ ಶಾಖವನ್ನು ಏರಿಸಿದರೆ ಹೊಟ್ಟೆ ಸುಡುತ್ತದೆ. ಸುಡುವ ನೆಲದಿಂದ ಹಾವು ಬೇಗ ಎದ್ದು ಹೋಗುವುದಿಲ್ಲ, ಚಳಿ ಹಿಡಿದ ಹಾವಂತೂ ಇನ್ನೂ ತಡ ಮಾಡುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ತೇವ ಉಳಿಸಲು ಬೇಕಾದ ದಪ್ಪ ಹಾಸನ್ನು ಮ್ಯಾಟ್ ಸಹಿಸುವುದಿಲ್ಲ. ನಾಲ್ಕು ಇಂಚು ಹಾಸಿನ ಕೆಳಗೆ ಶಾಖ ಸಿಕ್ಕಿಬಿದ್ದು ತಳ ಕಾದು ಮೇಲ್ಮೈ ತಣ್ಣಗಿರುತ್ತದೆ. ಅಂದರೆ ಮ್ಯಾಟನ್ನು ಆರಿಸಿಕೊಂಡವರು ಗೊತ್ತಿಲ್ಲದೆಯೇ ಒಣ ಪೆಟ್ಟಿಗೆಯನ್ನೂ ಆರಿಸಿಕೊಂಡಿರುತ್ತಾರೆ.

ಆದ್ದರಿಂದ ಕಾವು ಮೇಲಿನಿಂದ ಬರಲಿ, ತೇವ ಕೆಳಗಿನಿಂದ ಏಳಲಿ. ಹಗಲಿಗೆ ಹ್ಯಾಲೊಜೆನ್ ದೀಪ, ರಾತ್ರಿಗೆ ಬೆಳಕಿಲ್ಲದೆ ಶಾಖ ಕೊಡುವ ಸೆರಾಮಿಕ್ ಹೀಟರ್ ಅಥವಾ ಚಾವಣಿಗೆ ತಗಲುಹಾಕುವ ಶಾಖದ ಫಲಕ. ಯಾವುದೇ ಆದರೂ ಥರ್ಮೋಸ್ಟ್ಯಾಟ್ ಇಲ್ಲದೆ ಬೇಡ, ಹಾವು ಮೈ ಸುತ್ತಿಕೊಳ್ಳದಂತೆ ಸುತ್ತ ತಂತಿಯ ಬಲೆ ಇಲ್ಲದೆಯೂ ಬೇಡ. ಬಿಸಿ ತುದಿಯಲ್ಲಿ 32 ಡಿಗ್ರಿಯ ಆಸುಪಾಸು, ತಂಪು ತುದಿಯಲ್ಲಿ 24ರಿಂದ 26, ನಡುವೆ ಓಡಾಡಲು ಜಾಗ. ತನ್ನ ಮೈಯ ಉಷ್ಣತೆಯನ್ನು ತಾನೇ ಹುಟ್ಟಿಸಲಾರದ ಪ್ರಾಣಿಗೆ ಈ ಆಯ್ಕೆಯೇ ಆರೋಗ್ಯ. ಕೆಳಗೆ ನಾಲ್ಕೈದು ಇಂಚು ದಪ್ಪಕ್ಕೆ ತೆಂಗಿನ ಸಿಪ್ಪೆಯ ಚೂರು ಮತ್ತು ಕೊಕೊಪೀಟ್. ದಕ್ಷಿಣ ಭಾರತದಿಂದಲೂ ಶ್ರೀಲಂಕಾದಿಂದಲೂ ಇಟ್ಟಿಗೆಗಳಾಗಿ ಹಡಗು ಹತ್ತುವ ಈ ಸರಕು ನಮ್ಮ ನರ್ಸರಿಗಳಲ್ಲಿ ಸಸಿಗೆ ಮಾಡುವ ಕೆಲಸವನ್ನೇ ಅಲ್ಲಿ ಹಾವಿಗೆ ಮಾಡುತ್ತದೆ: ತನ್ನ ತೂಕದ ಹಲವು ಪಟ್ಟು ನೀರು ಕುಡಿದು ನಿಧಾನವಾಗಿ ಬಿಡುತ್ತದೆ. ನೀರನ್ನು ಮೇಲಿನಿಂದ ಚಿಮುಕಿಸುವ ಬದಲು ಪೆಟ್ಟಿಗೆಯ ಮೂಲೆಗಳಲ್ಲಿ ಸುರಿಯಬೇಕು. ಅದು ತಳಕ್ಕೆ ಇಳಿದು ಹಬ್ಬುತ್ತದೆ, ಹಾವು ಮಲಗುವ ಮೇಲ್ಪದರ ಒಣಗಿರುತ್ತದೆ. ದೀಪದ ಶಾಖಕ್ಕೆ ತಳದ ನೀರು ದಿನವಿಡೀ ಆವಿಯಾಗಿ ಮೇಲೇಳುತ್ತದೆ. ಒಣಗಿಸುತ್ತಿದ್ದ ಶಾಖವೇ ಈಗ ತೇವವನ್ನು ಎಬ್ಬಿಸುವ ಕೆಲಸ ಮಾಡುತ್ತದೆ. ಕಾವು ತೇವಗಳದು ಒಂದೇ ಲೆಕ್ಕ ಎಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಇದು.

ಗಾಳಿಕಿಂಡಿಗಳ ಮಾತು ಸಣ್ಣದು, ಆದರೆ ಬಿಡುವಂತಿಲ್ಲ. ಜಾಲರಿ ಮುಚ್ಚಳದ ಗಾಜಿನ ತೊಟ್ಟಿಯಲ್ಲಿ ಬಿಸಿ ಗಾಳಿ ಮೇಲೇರಿ ತನ್ನ ತೇವದ ಸಮೇತ ಹೊರಟುಹೋಗುತ್ತದೆ, ಆ ಜಾಗಕ್ಕೆ ಕೋಣೆಯ ಒಣಗಾಳಿ ಬರುತ್ತದೆ. ಎಷ್ಟು ನೀರು ಸುರಿದರೂ ಅಲ್ಲಿ ಸಾಲದು. ಚಳಿಗಾಲದಲ್ಲಿ ಜಾಲರಿಯ ಬಹುಭಾಗವನ್ನು ಮುಚ್ಚಬೇಕು, ಪೂರ್ತಿ ಮುಚ್ಚಬಾರದು. ದೀಪ ಜಾಲರಿಯ ಮೇಲೆಯೇ ಕೂತಿದ್ದರೆ ಅದರ ಸುತ್ತ ಮಾತ್ರ ಬಿಡಬೇಕು, ಶಾಖಕ್ಕೆ ಹತ್ತಿಕೊಳ್ಳುವ ಯಾವುದನ್ನೂ ಹತ್ತಿರ ಇಡಬಾರದು. ಬದಿಯಲ್ಲಿ ಸಣ್ಣ ಕಿಂಡಿಗಳಿರುವ ಮರದ ಪೆಟ್ಟಿಗೆ ಈ ದೃಷ್ಟಿಯಿಂದ ಎಷ್ಟೋ ಮೇಲು.

ತುಂತುರು ಬಾಟಲಿಯ ಪಕ್ಷಪಾತಿಗಳು ಬಹಳ ಜನ. ದಿನಕ್ಕೆ ಎರಡು ಸಲ ನೀರು ಸಿಂಪಡಿಸಿದರೆ ಸಾಕಲ್ಲ ಎನ್ನುತ್ತಾರೆ. ಸಿಂಪಡಿಸಿದ ಕೂಡಲೇ ಮಾಪಕ ಶೇಕಡ 90ಕ್ಕೆ ಹಾರುವುದು ನಿಜ. ಗಂಟೆಯೊಳಗೆ ಅದು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ ಎಂಬುದೂ ನಿಜ, ಯಾಕೆಂದರೆ ನೀರು ಬಿದ್ದದ್ದು ಮೇಲ್ಪದರದ ಮೇಲೆ, ದೀಪ ಮೊದಲು ಒಣಗಿಸುವುದೂ ಮೇಲ್ಪದರವನ್ನೇ. ಹೀಗೆ ಹಾವಿಗೆ ಸಿಗುವುದು ದಿನಕ್ಕೆರಡು ಬಾರಿ ಒದ್ದೆ ಹೊಟ್ಟೆ, ಮಿಕ್ಕ ಹೊತ್ತೆಲ್ಲ ಒಣಗಾಳಿ. ಪೊರೆ ಬಿಡುವ ಮುನ್ನ, ಕಣ್ಣು ಹಾಲುಗಟ್ಟಿ ಮೈ ಮಂಕಾದ ದಿನಗಳಲ್ಲಿ, ಒದ್ದೆ ಪಾಚಿ ತುಂಬಿದ ಮುಚ್ಚಿದ ಡಬ್ಬಿಯೊಂದನ್ನು, ಹಾವು ನುಸುಳುವಷ್ಟೇ ತೂತು ಮಾಡಿ ಪೆಟ್ಟಿಗೆಯ ಬೆಚ್ಚನೆಯ ಪಾಲಿನಲ್ಲಿ ಇಟ್ಟರೆ ಎಷ್ಟು ಸಿಂಪಡಿಸಿದರೂ ಸಿಗದ ಫಲ ಸಿಗುತ್ತದೆ. ಹಾವು ಅದನ್ನು ಹುಡುಕಿಕೊಂಡು ಹೋಗಿ ಒಳಗೆ ಕೂರುತ್ತದೆ. ಅಂಟಿದ ಪೊರೆಯನ್ನು, ಅದರಲ್ಲೂ ಕಣ್ಣಿನ ಮುಚ್ಚಳವನ್ನು, ಕೈಯಿಂದ ಕೀಳುವ ಸಾಹಸವನ್ನು ಯಾರೂ ಮಾಡಬಾರದು. ಕೆಳಗಿನ ಜೀವಂತ ಪದರವೇ ಕಿತ್ತು ಬಂದೀತು.

ತೇವ ಎಂದರೆ ರೋಗ ಎಂದು ಹೆದರುವವರ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಒದ್ದೆ ಹಾಸಿನ ಮೇಲೆ ದಿನಗಟ್ಟಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗಿ, ಗುಳ್ಳೆಯೆದ್ದು, ಕೊಳೆಯುತ್ತವೆ. ಉಸಿರಾಟದ ಸೋಂಕು ತಗಲಿದ ಹಾವು ಬಾಯಿ ತೆರೆದು, ಮೂಗಿನಲ್ಲಿ ಗುಳ್ಳೆ ಬಿಡುತ್ತಾ, ಸೀಟಿಯಂಥ ಸದ್ದಿನೊಂದಿಗೆ ಉಸಿರೆಳೆಯುತ್ತದೆ. ಹಾವಿಗೆ ಕೆಮ್ಮಿ ಕಫ ಹೊರಹಾಕುವ ಶಕ್ತಿ ಇಲ್ಲವಾದ್ದರಿಂದ ಪಶುವೈದ್ಯರಿಲ್ಲದೆ ಅದು ವಾಸಿಯಾಗುವುದು ಕಷ್ಟ. ಆದರೆ ಈ ಎರಡು ರೋಗಗಳ ಹಿನ್ನೆಲೆಯನ್ನು ನೋಡಿದರೆ ಮೊದಲನೆಯದಕ್ಕೆ ಕಾರಣ ಒದ್ದೆ ಮತ್ತು ಕೊಳಕಾದ ಮೇಲ್ಮೈ, ಎರಡನೆಯದಕ್ಕೆ ಬಹುಪಾಲು ಚಳಿ ಅಥವಾ ನಿಂತುಹೋದ ಕೆಟ್ಟ ಗಾಳಿ. ತಣ್ಣಗಾದ ಹಾವಿನ ರೋಗನಿರೋಧಕ ಶಕ್ತಿಯೂ ನಿಧಾನಗೊಳ್ಳುತ್ತದೆ. ಒಣಗಾಳಿ ಇದಕ್ಕೆ ಮದ್ದಾಗುವುದಿಲ್ಲ. ಗಾಳಿಯ ಹಾದಿಯನ್ನು ಒಣಗಿಸಿ ಅದೂ ಸೋಂಕಿಗೆ ಬಾಗಿಲು ತೆರೆಯುತ್ತದೆ. ಗಾಳಿಯಲ್ಲಿ ತೇವ, ಹೊಟ್ಟೆಯ ಕೆಳಗೆ ಒಣ ಹಾಸು, ಎಲ್ಲೆಡೆ ಸಾಕಷ್ಟು ಬೆಚ್ಚಗೆ: ಈ ಮೂರೂ ಕೂಡಿರುವ ಪೆಟ್ಟಿಗೆಯಲ್ಲಿ ಶೇಕಡ 60, 70ರ ಆರ್ದ್ರತೆಯಿಂದ ಹಾವಿಗೆ ಕೇಡಿಲ್ಲ. ಕೋಣೆ ತೀರಾ ತಣ್ಣಗಾಗಿ, ಪೆಟ್ಟಿಗೆಯ ಶಾಖ ಕೈಕೊಟ್ಟ ದಿನ ಮಾತ್ರ ತೇವವನ್ನೂ ತಗ್ಗಿಸಬೇಕು.

ಖರ್ಚಿನ ಪ್ರಶ್ನೆಗೆ ಸಹಾನುಭೂತಿಯಿಂದ ಉತ್ತರಿಸಬೇಕು. 2022ರ ಚಳಿಗಾಲದಲ್ಲಿ ಬ್ರಿಟನ್ನಿನಲ್ಲಿ ಸರ್ಕಾರ ಮಿತಿ ಹೇರಿದ ಮೇಲೂ ವಿದ್ಯುತ್ತಿನ ದರ ಯೂನಿಟ್ಟಿಗೆ ಸರಾಸರಿ 34 ಪೆನ್ಸ್ ಇತ್ತು. ಮನೆ ಬೆಚ್ಚಗಿಡಲೋ ಊಟ ಮಾಡಲೋ ಎಂಬ ಸಂಕಟದಲ್ಲಿದ್ದ ಕುಟುಂಬಗಳಿಗೆ ಹಾವಿನ ದೀಪ ಭಾರವಾದದ್ದು ಸಹಜ. ಆದರೂ ಲೆಕ್ಕ ಹಾಕಿ ನೋಡಿದರೆ, 100 ವ್ಯಾಟಿನ ದೀಪ ಹನ್ನೆರಡು ಗಂಟೆ ಎಡೆಬಿಡದೆ ಉರಿದರೂ ಅಂದಿನ ದರದಲ್ಲಿ 41 ಪೆನ್ಸ್. ಥರ್ಮೋಸ್ಟ್ಯಾಟ್ ಇದ್ದರೆ ಅದು ಎಡೆಬಿಡದೆ ಉರಿಯುವುದೂ ಇಲ್ಲ. ಪೆಟ್ಟಿಗೆಯನ್ನು ಹೊರಗೋಡೆಯಿಂದಲೂ ಕಿಟಕಿಯಿಂದಲೂ ದೂರ ಸರಿಸಿ, ಹಿಂಬದಿಗೆ ಹೊರಗಡೆಯಿಂದ ಥರ್ಮೋಕೋಲಿನ ಹಲಗೆ ಒರಗಿಸಿ, ಗಾಜಿನ ಬದಲು ಮರ ಬಳಸಿದರೆ ಖರ್ಚು ಇನ್ನೂ ತಗ್ಗುತ್ತದೆ. ಇಲ್ಲೂ ಕಾವು ತೇವಗಳು ಜೊತೆಯಾಗಿಯೇ ನಡೆಯುತ್ತವೆ. ಶಾಖ ಸೋರದ ಪೆಟ್ಟಿಗೆಯಲ್ಲಿ ನೀರಾವಿಯೂ ಅಷ್ಟಾಗಿ ಸೋರುವುದಿಲ್ಲ. ಹಣವಿಲ್ಲದೆ ದೀಪ ಆರಿಸುವುದಕ್ಕಿಂತ ಹಾವನ್ನು ಬೇರೆ ಮನೆಗೆ ದಾಟಿಸುವುದು ಮರ್ಯಾದೆಯ ದಾರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕಿದ ಪ್ರಾಣಿಗೆ ತಕ್ಕ ಪರಿಸರ ಒದಗಿಸುವುದನ್ನು ಕರ್ತವ್ಯವೆಂದೇ ವಿಧಿಸಿದೆ, ಹಾವಿಗೂ ಅದು ಅನ್ವಯಿಸುತ್ತದೆ.

ಹಾವು ಊಟ ಬಿಟ್ಟಿದೆ, ಬಿಸಿ ಸಾಲದೇನೋ ಎಂಬ ಆತಂಕ ಚಳಿಗಾಲದಲ್ಲಿ ಎಲ್ಲರಿಗೂ ಬರುತ್ತದೆ. ಬೆಳೆದ ರಾಯಲ್ ಪೈಥಾನ್‌ಗಳು, ವಿಶೇಷವಾಗಿ ಗಂಡುಗಳು, ವರ್ಷದ ಈ ಭಾಗದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಲಿಯನ್ನು ಮೂಸಿಯೂ ನೋಡುವುದಿಲ್ಲ. ಮೈತೂಕ ಇಳಿಯದಿದ್ದರೆ ಅದು ರೋಗವಲ್ಲ, ಸ್ವಭಾವ. ಹಸಿವು ಹುಟ್ಟಿಸಲೆಂದು ಥರ್ಮೋಸ್ಟ್ಯಾಟನ್ನು ಎರಡು ಮೂರು ಡಿಗ್ರಿ ಮೇಲಕ್ಕೆ ತಿರುಗಿಸುವುದರಿಂದ ಆಗುವ ಖಚಿತ ಪರಿಣಾಮ ಒಂದೇ: ಗಾಳಿ ಮತ್ತಷ್ಟು ಒಣಗುತ್ತದೆ. ತೂಕದ ತಕ್ಕಡಿಯನ್ನು ನಂಬಿ ಕಾಯುವುದು ಲೇಸು. ತಣ್ಣಗಿರುವ ಹಾವಿಗೆ ಮಾತ್ರ ಎಂದೂ ಉಣಿಸಬಾರದು, ಕಾವಿಲ್ಲದೆ ಅರಗಿಸಲಾರದೆ ಅದು ಕಾರಿಕೊಳ್ಳುತ್ತದೆ.

ಕರೆಂಟ್ ಹೋದರೆ? 2021ರ ನವೆಂಬರಿನಲ್ಲಿ ಆರ್ವೆನ್ ಬಿರುಗಾಳಿ ಬ್ರಿಟನ್ನಿನ ಹತ್ತು ಲಕ್ಷದಷ್ಟು ಮನೆಗಳನ್ನು ಕತ್ತಲಿಗೆ ತಳ್ಳಿತು, ಕೆಲವು ಮನೆಗಳಿಗೆ ವಾರ ಕಳೆದರೂ ವಿದ್ಯುತ್ ಬರಲಿಲ್ಲ. ಒಂದು ರಾತ್ರಿಯ ತಂಪಿಗೆ ಆರೋಗ್ಯವಂತ ಹಾವು ಸಾಯುವುದಿಲ್ಲ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಒಂದು ಮೂಲೆಗಿಟ್ಟು, ನೀರು ಸುರಿಯುವುದನ್ನೂ ಊಟವನ್ನೂ ನಿಲ್ಲಿಸಿದರೆ ಒಂದೆರಡು ದಿನ ದಾಟಬಹುದು. ದಪ್ಪ ಹಾಸಿನ ಪೆಟ್ಟಿಗೆ ಇಲ್ಲೂ ಕೈಹಿಡಿಯುತ್ತದೆ, ಯಾಕೆಂದರೆ ಅದು ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ.

ಈ ಹಾವು ಕರ್ನಾಟಕಕ್ಕೂ ಬಂದಿದೆ, ಬರಬಾರದ ದಾರಿಯಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ ಕಸ್ಟಮ್ಸ್ ಅಧಿಕಾರಿಗಳಿಗೆ 55 ಬಾಲ್ ಪೈಥಾನ್‌ಗಳು ಸಿಕ್ಕವು, ಜೊತೆಗೆ 17 ಕಾಳಿಂಗ ಸರ್ಪಗಳು, ಸತ್ತುಹೋಗಿದ್ದ ಆರು ಕಪುಚಿನ್ ಮಂಗಗಳು. ಬೆಂಗಳೂರಿನ ಹವೆ ಹಾವಿಗೆ ಹಿತ ಎಂದು ಇಂಥ ಹಾವನ್ನು ಕೊಳ್ಳುವವರು ನಂಬಿರುತ್ತಾರೆ. ಡಿಸೆಂಬರಿನ ರಾತ್ರಿ 15, 16 ಡಿಗ್ರಿಗೆ ಇಳಿಯುವ ಊರಿನಲ್ಲಿ, ಹೀಟಿಂಗ್ ವ್ಯವಸ್ಥೆಯೇ ಇಲ್ಲದ ಮನೆಯಲ್ಲಿ, ಟೋಗೋದ ಹಾವು ನಡುಗಲೂ ಆಗದೆ ತಣ್ಣಗಾಗುತ್ತದೆ. ಲಂಡನ್ನಿನಲ್ಲಿ ಒಣಗಾಳಿಯ ಸಮಸ್ಯೆಯಾದರೆ ಇಲ್ಲಿ ತಣ್ಣನೆಯ ತೇವದ ಸಮಸ್ಯೆ, ಎರಡರಲ್ಲಿ ಎರಡನೆಯದೇ ಹೆಚ್ಚು ಕೆಟ್ಟದ್ದು. ಕಾನೂನಿನ ಮಾತೂ ಸ್ಪಷ್ಟವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಲೇಬೇಕು. ನಮ್ಮ ನೆಲದ ಹೆಬ್ಬಾವನ್ನಂತೂ ಸಾಕುವಂತೆಯೇ ಇಲ್ಲ. ಕಾಗದಪತ್ರವಿಲ್ಲದ ಹಾವನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದನ್ನು ಕೊಂಡದ್ದು ಸೂಟ್‌ಕೇಸಿನಲ್ಲಿ ಸತ್ತ ಇನ್ನೊಂದರ ವ್ಯಾಪಾರಕ್ಕೆ ಹಣ ಕೊಟ್ಟಂತೆ.

ಬ್ರಿಟನ್ನಿನಲ್ಲೋ ಕೆನಡಾದಲ್ಲೋ ಜರ್ಮನಿಯಲ್ಲೋ ನೆಲೆಸಿರುವ ಕನ್ನಡದ ಮನೆಯ ಮಗುವೊಂದು ಶಾಲೆಯ ಗೆಳೆಯನ ಮನೆಯಲ್ಲಿ ಈ ಹಾವನ್ನು ನೋಡಿ ತನಗೂ ಬೇಕೆಂದು ಹಟ ಹಿಡಿದಿದ್ದರೆ, ಆ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಈ ಹಾವು ಮೂವತ್ತು ವರ್ಷವೂ ಬದುಕಬಲ್ಲದು. ಮೊದಲು ಪೆಟ್ಟಿಗೆ ತನ್ನಿ, ಹಾವು ಬೇಡ. ದೀಪ, ಥರ್ಮೋಸ್ಟ್ಯಾಟ್, ದಪ್ಪ ಹಾಸು, ನೀರಿನ ಬಟ್ಟಲು ಎಲ್ಲ ಹೂಡಿ, ಚಳಿಗಾಲದ ಎರಡು ವಾರ ಖಾಲಿ ಪೆಟ್ಟಿಗೆಯನ್ನೇ ನಡೆಸಿ. ಎರಡೂ ತುದಿಯ ಉಷ್ಣತೆ ಮತ್ತು ಆರ್ದ್ರತೆಯನ್ನು ಬೆಳಿಗ್ಗೆ ಸಂಜೆ ಮಗುವಿನ ಕೈಯಲ್ಲೇ ಬರೆಸಿ. ಅಂಕಿಗಳು ನಿಲ್ಲುತ್ತಿದ್ದರೆ ಹಾವನ್ನು ಕರೆತನ್ನಿ, ಅದೂ ಅಂಗಡಿಯಿಂದ ಹೊಸದನ್ನು ಕೊಳ್ಳುವ ಮುನ್ನ ಯಾರೋ ಬಿಟ್ಟುಹೋದ ಹಾವುಗಳನ್ನು ಸಲಹುತ್ತಿರುವ ಆಶ್ರಯತಾಣವನ್ನು ವಿಚಾರಿಸಿ. ಅಂಕಿಗಳು ನಿಲ್ಲದಿದ್ದರೆ, ನಿಲ್ಲುವವರೆಗೆ ದಯವಿಟ್ಟು ತರಬೇಡಿ.